ಮಾಂಬಲದಿಂದ ಹೊರಡದ ಪತ್ರಗಳು

ಪುತ್ತೂರಿನಿಂದ ಆ ಫೋನ್ ಬಂದಾಗ ನಾನು ಮೆಟ್ರೋ ವಾಟರ್ ಲಾರಿಯ ಸಾಲಿನಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದೆ. 2019ರ ಜೂನ್. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ಚೆನ್ನೈಗೆ ನೀರು ಕೊಡುವ ಈ ನಾಲ್ಕೂ ಜಲಾಶಯಗಳು ಬತ್ತಿಹೋಗಿದ್ದವು. ಲಾರಿ ಯಾವಾಗ ಬರುತ್ತದೋ ಆಗಲೇ ವೆಸ್ಟ್ ಮಾಂಬಲದ ನಮ್ಮ ಬೀದಿಗೆ ಬೆಳಗಾಗುತ್ತಿತ್ತು. ಫೋನಿನಲ್ಲಿದ್ದವರು ನಾನು ಅಮ್ಮ ಎಂದು ಕರೆಯುತ್ತಿದ್ದ ಎಪ್ಪತ್ತೆಂಟು ವರ್ಷದ ಹಿರಿಯರೊಬ್ಬರು. ಅವರ ನೆನಪುಗಳ ಪುಸ್ತಕಕ್ಕೆ ನಾನು ಪುಟವಿನ್ಯಾಸ ಮಾಡುತ್ತಿದ್ದೆ.

"ನಿಮ್ಮಿಂದ ಆಗುವುದಿಲ್ಲ ಅಂತಾದರೆ ಆಗುವುದಿಲ್ಲ ಅಂತ ಹೇಳಿಬಿಡಿ. ನನಗೇನೂ ಬೇಸರ ಇಲ್ಲ. ಹೀಗೆ ಕಾಯಿಸಬೇಡಿ," ಅಂದರು.

ಕರಡು ಕಳಿಸಿ ನಾಲ್ಕು ದಿನವಾಗಿತ್ತು. "ಕಳಿಸಿದ್ದೇನಲ್ಲ ಅಮ್ಮಾ" ಅಂದೆ. ಆ ಕಡೆಯಿಂದ ಮಾತಿಲ್ಲ. ಆ ಮೌನ ನನಗೆ ಇವತ್ತಿಗೂ ಚುಚ್ಚುತ್ತದೆ. ಅವರು ನನ್ನನ್ನು ಸುಳ್ಳುಗಾರ ಅಂದುಕೊಂಡರು.

ಮೇಲೆ ಬಂದು ಕಂಪ್ಯೂಟರ್ ನೋಡಿದೆ. ಕಳಿಸಿದ ಪತ್ರಗಳ ಪೆಟ್ಟಿಗೆಯಲ್ಲಿ ಕರಡು ಇತ್ತು. ಆದರೆ ನನ್ನ ಮನೆಯ ವ್ಯವಸ್ಥೆ ಬೇರೆ. ನಾನು ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವನು. ಹಿಂದೆ ಒಮ್ಮೆ ಬಾಡಿಗೆ ಸರ್ವರಿನವರು ಅಂಗಡಿ ಮುಚ್ಚಿದಾಗ ಏಳು ವರ್ಷದ ಪತ್ರವ್ಯವಹಾರ ಅವರ ಜೊತೆಗೇ ಹೋಯಿತು. ಜನ ನಂಬಿ ಕೊಟ್ಟ ಹಸ್ತಪ್ರತಿಗಳೂ ಅದರಲ್ಲಿದ್ದವು. ಆಮೇಲೆ ಒಂದು ಹಳೆಯ ಕಂಪ್ಯೂಟರಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಕಲಿತು, ನನ್ನದೇ ಹೆಸರಿನ ವಿಳಾಸ ಮಾಡಿಕೊಂಡೆ. ಇದಕ್ಕಾಗಿಯೇ ಇಂಟರ್ನೆಟ್ ಕಂಪನಿಗೆ ಪ್ರತಿ ತಿಂಗಳೂ ಹೆಚ್ಚಿನ ಹಣ ಕೊಟ್ಟು ಸ್ಥಿರ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ತೆಗೆದುಕೊಂಡಿದ್ದೆ. ನಾನು ಪತ್ರ ಬರೆದು 'ಕಳಿಸು' ಒತ್ತಿದರೆ ಅದು ಮೊದಲು ಸೇರುವುದು ಕೋಣೆಯ ಮೂಲೆಯ ಆ ಸರ್ವರನ್ನು. ಅಲ್ಲಿಗೆ ತಲುಪಿದ ಕೂಡಲೇ ನನ್ನ ಪರದೆಯ ಮೇಲೆ 'ಕಳಿಸಲಾಗಿದೆ' ಅಂತ ಬೀಳುತ್ತದೆ. ಅದು ಊರು ಬಿಟ್ಟಿತೋ ಇಲ್ಲವೋ ಎನ್ನುವುದು ಬೇರೆಯೇ ಸಂಗತಿ.

ಸಾಲಿನಲ್ಲಿ ನಿಂತ ಪತ್ರಗಳ ಪಟ್ಟಿ ತೆಗೆದು ನೋಡಿದರೆ ಮೂವತ್ತೊಂದು ಪತ್ರ. ಪ್ರತಿಯೊಂದರ ಕೆಳಗೂ ಒಂದೇ ಸಾಲು: 'ಕನೆಕ್ಷನ್ ಟೈಮ್ಡ್ ಔಟ್'. ಪೋಸ್ಟ್‌ಫಿಕ್ಸ್ ಒಂದು ಪತ್ರವನ್ನು ಐದು ದಿನ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆಮೇಲೆ ಕೈಚೆಲ್ಲಿ ಬರೆದವರಿಗೆ ವಾಪಸು ಕೊಡುತ್ತದೆ. ನಡುವೆ ತಡವಾಗುತ್ತಿದೆ ಎಂಬ ಎಚ್ಚರಿಕೆ ಬೇಕಾದರೆ ನಾವೇ ಹೇಳಿ ಇಟ್ಟಿರಬೇಕು. ನಾನು ಇಟ್ಟಿರಲಿಲ್ಲ. ಹೊರಗಿನಿಂದ ಬರುವ ಪತ್ರಗಳು ಮಾತ್ರ ಎಂದಿನಂತೆ ಬರುತ್ತಿದ್ದುದರಿಂದ ಅನುಮಾನವೇ ಹುಟ್ಟಿರಲಿಲ್ಲ.

ಅಂದೇ ಮಗನ ಉಚಿತ ಖಾತೆಯಿಂದ ಕರಡನ್ನು ಪುತ್ತೂರಿಗೆ ಕಳಿಸಿ ಅಮ್ಮನಿಗೆ ಫೋನ್ ಮಾಡಿದೆ. "ಬಂತು. ಇದು ಯಾರ ವಿಳಾಸ? ನಿಮ್ಮದು ಹೋಯಿತೇ?" ಅಂತ ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ.

ಎರಡು ರಾತ್ರಿ ನನ್ನ ತಪ್ಪನ್ನೇ ಹುಡುಕಿದೆ. ಸಂಪರ್ಕ ಪರೀಕ್ಷಿಸುವ ಸಾಧನ ಟೆಲ್ನೆಟ್‌ನಿಂದ ಒಂದೊಂದೇ ದೊಡ್ಡ ಸರ್ವರಿನ ಬಾಗಿಲು ತಟ್ಟಿದೆ. 587ನೇ ಪೋರ್ಟ್ ತಟ್ಟಿದರೆ ತಕ್ಷಣ '220' ಎಂಬ ಸ್ವಾಗತ ಬರುತ್ತದೆ. 25ನೇ ಪೋರ್ಟ್ ತಟ್ಟಿದರೆ ಏನೂ ಇಲ್ಲ. 'ಬೇಡ' ಎಂಬ ನಿರಾಕರಣೆಯೂ ಇಲ್ಲ. ಮೂರನೆಯ ದಿನ ಲ್ಯಾಪ್‌ಟಾಪ್ ಹೊತ್ತು ಅಡ್ಯಾರಿನ ಗೆಳೆಯರ ಮನೆಗೆ ಹೋದೆ. ಅವರದು ಬೇರೆ ಕಂಪನಿಯ ಸಂಪರ್ಕ. ಅಲ್ಲಿ 25 ಮೊದಲ ಬಡಿತಕ್ಕೇ ತೆರೆಯಿತು. ಅಲ್ಲೇ ಸೋಫಾದ ಮೇಲೆ ಕುಸಿದು ಕುಳಿತೆ. ತಪ್ಪು ನನ್ನದಲ್ಲ.

ಓದುವವರಿಗೆ ಈ ಅಂಕಿಗಳ ವ್ಯತ್ಯಾಸ ಹೇಳಲೇಬೇಕು. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದ ಕಾಲದಿಂದಲೂ ಒಂದು ಸರ್ವರ್ ಇನ್ನೊಂದಕ್ಕೆ ಪತ್ರ ಕೊಡುವುದು 25ನೇ ಪೋರ್ಟ್‌ನಲ್ಲೇ. 587 ಬಂದದ್ದು 1998ರಲ್ಲಿ. ಅದು ಖಾತೆ ಇರುವವರು ಪಾಸ್‌ವರ್ಡ್ ಕೊಟ್ಟು ತಮ್ಮ ತಮ್ಮ ಸರ್ವರಿಗೆ ಪತ್ರ ಒಪ್ಪಿಸುವ ಕಿಟಕಿ. ಹಾಗಾಗಿ 25 ಮುಚ್ಚಿದರೆ ಉಚಿತ ಮೇಲ್ ಬಳಸುವ ಲಕ್ಷಾಂತರ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ನನ್ನಂಥ ಒಬ್ಬಿಬ್ಬರಿಗೆ. ಮುಚ್ಚುವುದಕ್ಕೆ ಕಾರಣವೂ ಇದೆ, ಅದನ್ನು ನಾನು ಒಪ್ಪುತ್ತೇನೆ. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಮಾಲೀಕನಿಗೆ ತಿಳಿಯದೆ ಇದೇ ಬಾಗಿಲಿನಿಂದ ರಾಶಿ ರಾಶಿ ಸ್ಪ್ಯಾಮ್ ಕಳಿಸುತ್ತವೆ. ಅದಕ್ಕೇ ಲೋಕದ ಅನೇಕ ಕಂಪನಿಗಳು ಮನೆ ಸಂಪರ್ಕಗಳಿಗೆ ಅದನ್ನು ಮುಚ್ಚಿವೆ. ಮುಚ್ಚಿದ್ದೇವೆ ಅಂತ ಒಂದು ಸಾಲು ತಿಳಿಸಿದ್ದರೆ ನಾನೂ ಅಂದೇ ಬೇರೆ ದಾರಿ ಮಾಡಿಕೊಳ್ಳುತ್ತಿದ್ದೆ.

ಆ ಒಂದು ಸಾಲಿಗಾಗಿ ನಾನು ಇಪ್ಪತ್ತಾರು ದಿನ ಕಾದೆ.

ನಮ್ಮ ಇಂಟರ್ನೆಟ್ ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿದರೆ, "ಮೋಡಮ್ ಆಫ್ ಪಣ್ಣಿ ಆನ್ ಪಣ್ಣುಂಗ ಸಾರ್." ಮಾಡಿದೆ. "ನೆಟ್ ವರ್ಕ್ ಆಗುದಾ?" ಆಗುತ್ತದೆ. "ಅಪ್ಪೋ ಎನ್ನ ಪ್ರಾಬ್ಲಂ ಸಾರ್?" 25ನೇ ಪೋರ್ಟ್ ಎಂದ ಕೂಡಲೇ ಆ ಹುಡುಗಿಯ ದನಿಯಲ್ಲಿ ಗಾಬರಿ. ಅವಳ ಎದುರಿನ ಪಟ್ಟಿಯಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲವೆಂದು ಕಾಣುತ್ತದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಪ್ರತಿ ದೂರಿಗೂ ಒಂದು ಡಾಕೆಟ್ ನಂಬರ್. ಎರಡು ದಿನಕ್ಕೆ ಎಸ್‌ಎಂಎಸ್: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಮತ್ತೆ ಫೋನ್, ಮತ್ತೆ ಹೊಸ ನಂಬರ್, ಮತ್ತೆ ಅದೇ ಎಸ್‌ಎಂಎಸ್. ಹೀಗೆ ಏಳು ಡಾಕೆಟ್.

ಐದನೆಯದಕ್ಕೆ ಲೈನ್ ನೋಡುವ ಹುಡುಗ ಮನೆಗೆ ಬಂದ. ಸ್ಪೀಡ್ ಅಳೆದು, ಫುಲ್ ಸ್ಪೀಡ್ ಬರುತ್ತಿದೆ ಎಂದು ತಮಿಳಿನಲ್ಲಿ ಹೇಳಿ ಸಹಿ ಕೇಳಿದ. ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿ ದನಿ ಬದಲಿಸಿದ. ಅವನು ಈರೋಡು ಜಿಲ್ಲೆಯ ತಾಳವಾಡಿಯವನು, ಮನೆಮಾತು ಕನ್ನಡ. ನಾನು ಎರಡು ಕಡೆಯ ಪರೀಕ್ಷೆಯ ಮುದ್ರಿತ ಹಾಳೆ ತೋರಿಸಿದೆ. ನಿಧಾನವಾಗಿ ಓದಿದ.

"ಸಾ, ನಾನು ವೈರ್ ನೋಡೋನು. ಇದು ನಮ್ ಕೈಲಿಲ್ಲ. ಮೇಲ್ಗಡೆ ಬ್ಲಾಕ್ ಮಾಡವ್ರೆ ಅನ್ಸುತ್ತೆ. ಕಾಗ್ದ ಬರದು ಹಾಕಿ ಸಾ, ಫೋನಿಗೆ ಬಗ್ಗಲ್ಲ."

ನನಗೆ ನಿಜ ಹೇಳಿದ ಮೊದಲ ಮನುಷ್ಯ ಅವನು. ಕುಡಿಯಲು ನೀರು ಕೊಟ್ಟರೆ, ನೀರಿನ ಬರದಲ್ಲಿ ಬೇಡ ಸಾ ಎಂದು ಅರ್ಧ ಲೋಟ ಮಾತ್ರ ಕುಡಿದು ಹೋದ.

ಕಾಗದ ಯಾರಿಗೆ ಬರೆಯುವುದು ಎಂದು ತಿಳಿಯಲೂ ಒಂದು ದಿನ ಹಿಡಿಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬಿಡಿ ಗ್ರಾಹಕರ ದೂರನ್ನು ತಾನೇ ವಿಚಾರಿಸುವುದಿಲ್ಲ. 2012ರ ನಿಯಮದ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಏಳೂ ಡಾಕೆಟ್ ನಂಬರ್, ಅಡ್ಯಾರಿನ ಮತ್ತು ಮಾಂಬಲದ ಪರೀಕ್ಷೆಯ ಹಾಳೆಗಳು, ಸ್ಥಿರ ಐಪಿಗೆ ಹಣ ಕಟ್ಟಿದ ರಸೀದಿಗಳು, ಎಲ್ಲವನ್ನೂ ಸೇರಿಸಿ ಎರಡು ಪುಟ ಬರೆದೆ. ಬ್ಲಾಕ್ ಇದ್ದರೆ ಇದೆ ಎನ್ನಿ, ತೆಗೆಯಲಾಗದಿದ್ದರೆ ಆಗುವುದಿಲ್ಲ ಎನ್ನಿ ಎಂದು ಕೊನೆಯಲ್ಲಿ ಬರೆದಾಗ ಪುತ್ತೂರಿನ ಅಮ್ಮನ ಮಾತನ್ನೇ ನಾನು ಆಡುತ್ತಿದ್ದೇನೆ ಅಂತ ಅರಿವಾಯಿತು. ಟಿ. ನಗರದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದೆ.

ಈ ನಡುವೆ ಬೆಂಗಳೂರಿನ ಪ್ರಕಾಶಕರೊಬ್ಬರು ಎರಡು ಪುಸ್ತಕದ ಕೆಲಸ ಬೇರೆಯವರಿಗೆ ಕೊಟ್ಟರು. ಅವರ ಪ್ರಶ್ನೆಗೆ ನಾನು ಬರೆದ ಉತ್ತರ ಆ ಮೂವತ್ತೊಂದರಲ್ಲಿ ಒಂದು. ವಿಷಯ ತಿಳಿಸಿದಾಗ, "ಇರಲಿ ಬಿಡಿ, ಮುಂದಿನ ಸಲ ನೋಡೋಣ" ಅಂದರು. ಮುಂದಿನ ಸಲ ಬರಲಿಲ್ಲ. ಮಗನ ವಿಳಾಸದಿಂದ ಹೋದ ಪತ್ರಗಳಿಗೆ ಉತ್ತರ ಅವನ ಕಾಲೇಜಿನ ಪತ್ರಗಳ ನಡುವೆ ಬರುತ್ತಿತ್ತು. ರಾತ್ರಿ ಅವನು ಓದುವಾಗ, ಏನಾದರೂ ಬಂತೇನೋ ಅಂತ ಹೋಗಿ ಕೇಳಲು ನನಗೆ ಸಂಕೋಚವಾಗುತ್ತಿತ್ತು.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ಒಬ್ಬ ಎಂಜಿನಿಯರ್ ಫೋನ್ ಮಾಡಿದರು. "ಹೌದು ಸಾರ್, ಬ್ಲಾಕ್ ಇದೆ. ಹಿಂದಿನ ತಿಂಗಳು ಎಲ್ಲ ಮನೆ ಸಂಪರ್ಕಗಳಿಗೂ ಹಾಕಿದೆವು. ಸ್ಥಿರ ಐಪಿಯವರನ್ನು ಬಿಡಬೇಕಿತ್ತು, ನಿಮ್ಮದು ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಸಂಜೆಯೊಳಗೆ ತೆಗೆಯುತ್ತೇವೆ." ಪೂರಾ ಒಂದು ನಿಮಿಷವೂ ಆಗಲಿಲ್ಲ. ಆ 'ಹೌದು' ಕೇಳಿ ನನಗೆ ಗಂಟಲು ಕಟ್ಟಿತು, ಥ್ಯಾಂಕ್ಸ್ ಹೇಳಲೂ ಆಗಲಿಲ್ಲ.

ಸಂಜೆ ಐದೂವರೆಗೆ ತಟ್ಟಿದೆ. '220' ಬಂತು. ಮೊದಲಿನ ಮೂವತ್ತೊಂದು ಪತ್ರಗಳು ಎಂದೋ ವಾಪಸು ಬಂದಿದ್ದವು. ಆಮೇಲೆ ಪರೀಕ್ಷೆಗೆಂದು ಬರೆದ ನಾಲ್ಕಾರು ಪತ್ರಗಳು ಮಾತ್ರ ಸಾಲಿನಲ್ಲಿದ್ದವು. ಅವು ಒಂದೊಂದಾಗಿ ಹೊರಟವು. ಪುತ್ತೂರಿನ ಪುಸ್ತಕದ ಕೊನೆಯ ಕರಡು ತೆಗೆದು ನನ್ನ ಸ್ವಂತ ವಿಳಾಸದಿಂದ ಕಳಿಸಿ, ಪರದೆಯ ಮುಂದೆಯೇ ಕುಳಿತೆ.

ಮಾರನೆಯ ಬೆಳಿಗ್ಗೆ ಉತ್ತರ ಬಂದಿತ್ತು. "ನಿಮ್ಮ ವಿಳಾಸದಿಂದಲೇ ಬಂತು, ಸಂತೋಷ. ಪುಟ 47ರಲ್ಲಿ ನೀವು ಅಡಿಕೆ ಅಂತ ತಿದ್ದಿದ್ದೀರಿ. ಅಡಕೆ ಅಂತಲೇ ಇರಲಿ. ನಮ್ಮ ಮನೆಯಲ್ಲಿ ಹಾಗೆಯೇ ಹೇಳುವುದು."