ಮನೆಯ ಬಾರಿಗೊಂದು ನಲ್ಲಿ

ಈಚೆಗೆ ಮಂಜೇಶ್ವರ, ಕಾಸರಗೋಡಿನ ನಮ್ಮ ಕುಟುಂಬಗಳು ಕಟ್ಟುವ ಹೊಸ ಮನೆಗಳ ನಕ್ಷೆಯಲ್ಲಿ ‘ವೆಟ್ ಬಾರ್’ ಎಂಬ ಮೂಲೆಯೊಂದು ಕಾಣಸಿಗುತ್ತಿದೆ. ಮನೆ ಆಶೀರ್ವಾದಕ್ಕೆ ದಿನ ಗೊತ್ತುಮಾಡಲು ಬಂದವರು ನಕ್ಷೆ ಬಿಡಿಸಿ, “ಫಾದರ್, ಇದು ಇರಬಹುದೇ?” ಎಂದು ಸಂಕೋಚದಿಂದ ಕೇಳುತ್ತಾರೆ.

ನಾವು ಬೇಡವೆನ್ನುವುದಿಲ್ಲ. ನಲ್ಲಿ, ಸಿಂಕು ಇದ್ದರಷ್ಟೇ ಅದು ವೆಟ್ ಬಾರ್. ಆ ಹೆಸರು ಬಂದದ್ದು ನೀರಿನಿಂದ, ಬಾಟಲಿಯಿಂದಲ್ಲ. ಅಡುಗೆಮನೆಯ ಗೋಡೆಗೆ ತಾಗಿಸಿ ಕಟ್ಟಿದರೆ ಪೈಪಿನ ಖರ್ಚು ಉಳಿಯುತ್ತದೆ. ಹೊರಹೋಗುವ ಪೈಪಿಗೆ ಅಡಿಗೆ ಕಾಲಿಂಚು ಇಳಿಜಾರು ಬೇಕು, ಸಿಂಕಿನಡಿ ದುರ್ವಾಸನೆ ತಡೆಯುವ ಟ್ರ್ಯಾಪ್ ಬೇಕು. ಕೆಲಸದ ಕಟ್ಟೆ 36 ಇಂಚು, ಅತಿಥಿಗಳು ಮೊಣಕೈಯೂರಿ ನಿಲ್ಲುವ ಕಟ್ಟೆ 42 ಇಂಚು ಎತ್ತರವಿರಲಿ. ನಮ್ಮ ಮಳೆಗಾಲದ ತೇವಕ್ಕೆ ಸಾದಾ ಪ್ಲೈವುಡ್ ಉಬ್ಬುತ್ತದೆ, ಗೆದ್ದಲಿಗಂತೂ ಹಬ್ಬ. ಗ್ರಾನೈಟ್ ವಾಸಿ. ತಲಪಾಡಿಯ ಆಚೆಯಿಂದ ಬಾಟಲಿ ತಂದು ತುಂಬಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಕರ್ನಾಟಕದಲ್ಲಿ ಮಾರುವ ಮದ್ಯವನ್ನು ಕೇರಳಕ್ಕೆ ತರುವುದು ಅಪರಾಧ. ಇಲ್ಲಿ ಕುಡಿಯಲು 23 ವರ್ಷ ತುಂಬಿರಬೇಕೆಂಬುದೂ ಮನೆಯ ಹುಡುಗರಿಗೆ ತಿಳಿದಿರಲಿ.

ಬಾರಿನ ಮಾತು ಬಂದಾಗಲೆಲ್ಲ ನಮ್ಮ ಗಂಡಸರು ಕಾನಾ ಊರಿನ ಮದುವೆಯನ್ನು ನೆನಪಿಸುತ್ತಾರೆ. ಆರು ಕಲ್ಲಿನ ಬಾನೆಗಳು, ಒಂದೊಂದರಲ್ಲಿ ಸುಮಾರು 80ರಿಂದ 120 ಲೀಟರ್! ಲೆಕ್ಕ ಸರಿಯೇ. ಆದರೆ ಯೊವಾನ್ನರ ಶುಭಸಂದೇಶದಲ್ಲಿ ಆ ಬಾನೆಗಳಿದ್ದದ್ದು ಶುದ್ಧೀಕರಣದ ನೀರಿಗಾಗಿ. ಕೊರತೆಯನ್ನು ಮೊದಲು ಗಮನಿಸಿದವರೂ ಮಾತೆ ಮರಿಯಮ್ಮನವರು.

ಒಂದು ಮನೆಯ ಔತಣದಲ್ಲಿ ಕುಡಿತ ಬಿಟ್ಟು ಎಂಟು ತಿಂಗಳಾಗಿದ್ದ ಬಂಧುವೊಬ್ಬರಿದ್ದರು. ಬಾರು ಅಂದವಾಗಿತ್ತು, ಬಣ್ಣದ ದೀಪ, ಸಾಲು ಗಾಜಿನ ಲೋಟಗಳು. ಅವರಿಗೆ ಕೊಡಲು ಮಾತ್ರ ಅಲ್ಲಿ ಏನೂ ಇರಲಿಲ್ಲ. “ಒಂದು ಪೆಗ್ಗಿಗೆ ಏನಾಗುತ್ತದೆ?” ಎಂದು ಮೂವರು ಒತ್ತಾಯಿಸಿದರು. ಅಡುಗೆಮನೆಯಿಂದ ಸ್ಟೀಲ್ ಲೋಟದಲ್ಲಿ ನೀರು ತಂದುಕೊಂಡು ಅವರು ಅಂಗಳಕ್ಕೆ ಹೋಗಿ ಮಕ್ಕಳ ಜೊತೆ ನಿಂತರು. ಅವರ ಹೆಂಡತಿ ಊಟದ ತಟ್ಟೆ ಹಿಡಿದು ಬಾಗಿಲನ್ನೇ ನೋಡುತ್ತಿದ್ದರು. ಆ ನೋಟ ನಮಗಿನ್ನೂ ಮರೆತಿಲ್ಲ.

ಆದ್ದರಿಂದ ನಕ್ಷೆ ತಂದವರಿಗೆ ನಾವು ಹೇಳುವುದಿಷ್ಟು: ಎದುರಿಗೆ ಕಾಣುವ ಹಲಗೆಯಲ್ಲಿ ಪುನರ್ಪುಳಿ ಶರಬತ್ತು, ಲಿಂಬೆ ಸೋಡಾ, ಎಳನೀರು ಇರಲಿ, ಅವನ್ನೂ ಅದೇ ಒಳ್ಳೆಯ ಗಾಜಿನ ಲೋಟದಲ್ಲೇ ಕೊಡಿ. ಮದ್ಯದ ಕಪಾಟಿಗೆ ಬೀಗವಿರಲಿ, ಬೀಗದಕೈ ಮನೆಯೊಡತಿಯ ಬಳಿ ಇರಲಿ. ಸಂಜೆ ಜಪಸರ ಮಾಡುವ ಪೀಠದೆದುರಿನ ಗೋಡೆ ಮಾತ್ರ ಬೇಡ. ಆಶೀರ್ವಾದದ ದಿನ ಪವಿತ್ರಜಲವನ್ನು ಆ ಮೂಲೆಗೂ ಚಿಮುಕಿಸುತ್ತೇವೆ. ಅಂದು ಕಪಾಟು ತೆರೆದೇ ಇರಲಿ.