ನಿಶ್ಶಬ್ದವಾದ ಮೋಟಾರು

ಮನೆಯಲ್ಲಿ ಕೆಲವು ವಸ್ತುಗಳುಂಟು. ಅವು ಕೆಲಸ ಮಾಡುತ್ತಿರುವವರೆಗೆ ಅವುಗಳ ಇರವೇ ಯಾರಿಗೂ ತಿಳಿಯದು. ಬಾವಿಯ ಹಗ್ಗ, ಬಾಗಿಲ ತಿರುಗಣಿ, ಬೀಸುವ ಕಲ್ಲಿನ ಗೂಟ, ಇವುಗಳ ಸಾಲಿಗೆ ಸೇರಿದುದು ಮೋಟಾರಿನ ಬ್ಯಾಟರಿ. ಹೊಸ ಗಾಡಿ ಮನೆಗೆ ಬಂದಾಗ ನೆಂಟರು ಅದರ ಬಣ್ಣವನ್ನು ಹೊಗಳುವರು, ಬೆಲೆಯನ್ನು ವಿಚಾರಿಸುವರು, ಲೀಟರಿಗೆ ಎಷ್ಟು ದೂರ ಓಡುವುದೆಂದು ಕೇಳುವರು. ಬ್ಯಾಟರಿಯ ಕ್ಷೇಮಸಮಾಚಾರವನ್ನು ಕೇಳಿದವರಿಲ್ಲ. ಅದೂ ಪಾಪ, ಮುಚ್ಚಳದ ಕೆಳಗೆ ಕತ್ತಲೆಯಲ್ಲಿ ಕುಳಿತು, ಒಂದು ದಿನ ಸದ್ದಿಲ್ಲದೆ ಪ್ರಾಣ ಬಿಡುವುದು. ಆ ದಿನ ಮಾತ್ರ ಮನೆಮಂದಿಯೆಲ್ಲ ಅದರ ಸುತ್ತ ನೆರೆಯುವರು.

ಚಳಿನಾಡುಗಳಲ್ಲಿ ಬ್ಯಾಟರಿಗೆ ಮಾಗಿಯೇ ಮೃತ್ಯುವೆಂದು ಪ್ರತೀತಿ. ಕಲಬುರಗಿಯ ಸೀಮೆಯಲ್ಲಿ ಅದನ್ನು ಸವೆಯಿಸುವುದು ಬೇಸಗೆ. ಇಲ್ಲಿ ವೈಶಾಖದ ಬಿಸಿಲು ೪೦ ಡಿಗ್ರಿಯನ್ನು ದಾಟುವುದು. ಓಡಿ ಬಂದ ಎಂಜಿನ್ನಿನ ಪಕ್ಕದ ಶಾಖ ಅದಕ್ಕೂ ಮಿಗಿಲು. ಬ್ಯಾಟರಿಯೊಳಗೆ ಆರು ಅರೆಗಳು. ಒಂದೊಂದರಲ್ಲಿಯೂ ಸೀಸದ ಹಲಗೆಗಳು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುವುವು. ಪ್ರತಿಯೊಂದು ಅರೆಯೂ ಎರಡು ವೋಲ್ಟಿಗೆ ತುಸು ಮಿಕ್ಕು ಕೊಡುವುದರಿಂದ, ತುಂಬಿದ ಬ್ಯಾಟರಿ ಸುಮಾರು ೧೨.೬ ವೋಲ್ಟನ್ನು ತೋರಿಸುವುದು. ಸೆಕೆ ಹೆಚ್ಚಿದಂತೆ ನೀರು ಆರುವುದು, ಹಲಗೆಗಳ ಕಂಬಿಗಳು ಸವೆಯುವುವು, ಗಾಡಿ ಸುಮ್ಮನೆ ನಿಂತಿದ್ದರೂ ತುಂಬಿದ ಶಕ್ತಿ ತಾನಾಗಿ ಸೋರುವುದು. ಬರಿದಾಗಿಯೇ ಬಹುಕಾಲ ಉಳಿದರೆ ಹಲಗೆಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಕಟ್ಟಿ, ಮತ್ತೆ ತುಂಬಿಕೊಳ್ಳುವ ಗುಣವೇ ಕುಗ್ಗುವುದು. ದಿನವೂ ದೂರ ಓಡುವ ಗಾಡಿಗಿಂತ ಅಪರೂಪಕ್ಕೆ ಓಡುವ ಗಾಡಿಗೆ ಈ ಭಯ ಹೆಚ್ಚು.

ವಾರಕ್ಕೆ ಎರಡೇ ಸಲ ಓಡುವ ಅಂಥ ಒಂದು ಗಾಡಿ ಕಮಲಾಪುರದಲ್ಲಿದ್ದಿತು. ಅದರ ಯಜಮಾನರು ನಿವೃತ್ತರಾದ ಶಾಲಾಮಾಸ್ತರರು. ತವರಿನಲ್ಲಿಯೇ ಇದ್ದ ಅವರ ಅಕ್ಕನವರಿಗೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಗಿದ್ದಿತು. ಮಂಗಳವಾರ, ಶುಕ್ರವಾರ ಅವರು ಕಲಬುರಗಿಯ ಆಸ್ಪತ್ರೆಗೆ ಹೋಗಿ, ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ರಕ್ತವನ್ನು ಶುದ್ಧಿಮಾಡಿಸಿಕೊಳ್ಳಬೇಕು. ಹಾದಿ ೩೫ ಕಿಲೋಮೀಟರಿಗೂ ಮಿಕ್ಕದ್ದು. ಹುಮನಾಬಾದಿನ ಕಡೆಯಿಂದ ಬರುವ ಬಸ್ಸುಗಳೇನೋ ಉಂಟು. ಹೋಗುವಾಗ ಹೇಗೋ ಆದೀತು, ಬರುವಾಗ ನಿಲ್ಲಲು ಕಾಲಲ್ಲಿ ಬಲವಿರದು. ಸರದಿ ಬೆಳಗಿನ ಏಳೂವರೆಗೆ. ಹೊತ್ತು ಮೀರಿದರೆ ಯಂತ್ರ ಮತ್ತೊಬ್ಬ ರೋಗಿಯ ಪಾಲು. ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಂತು ಉಸಿರಾಟವೇ ಕಷ್ಟ.

ಒಂದು ಶುಕ್ರವಾರ ಆರು ಗಂಟೆಗೆ ಅಕ್ಕನವರನ್ನು ಕುಳ್ಳಿರಿಸಿ ಮಾಸ್ತರರು ಬೀಗದ ಕೈ ತಿರುಗಿಸಿದರು. ಟಕ್ಕೆಂದಿತು, ಮತ್ತೆ ಮೌನ. ಮುಂದಿನ ದೀಪಗಳು ಬೂದಿ ಮುಚ್ಚಿದ ಕೆಂಡದಂತೆ ಕಂಡವು. ದೀಪ ಮಂಕಾಗಿ ಟಕ್ಕೆಂಬ ಸದ್ದೊಂದೇ ಬಂದರೆ ದೋಷ ಬಹುಮಟ್ಟಿಗೆ ಬ್ಯಾಟರಿಯದು, ಇಲ್ಲವೆ ಕಿಲುಬು ಹಿಡಿದ ಅದರ ತುದಿಗಳದು. ಅವರು ತುದಿಗಳನ್ನು ಒರೆಸಿ ಬಿಗಿದರು, ಫಲವಾಗಲಿಲ್ಲ. ಗೇರು ತಾನೇ ಬದಲಾಗುವ ಬಗೆಯ ಗಾಡಿಯಾದುದರಿಂದ ತಳ್ಳಿ ನಡೆಸುವ ದಾರಿಯೂ ಇರಲಿಲ್ಲ.

ಬೀದಿಯಲ್ಲಿ ಕಮಲಾಪುರದ ಹೆಸರಾಂತ ಕೆಂಪು ಬಾಳೆಯ ಗೊನೆಗಳನ್ನು ಹೇರಿಕೊಂಡು ನಿಂತಿದ್ದ ಲಾರಿಯ ಚಾಲಕನು ದಪ್ಪ ತಂತಿಗಳನ್ನು ಹಿಡಿದು ಓಡಿಬಂದನು. ನೆರೆಮನೆಯ ರೈತನು ತಡೆದನು.

"ಬ್ಯಾಡ್ರಿ ಸರ. ಲಾರೀದು ಇಪ್ಪತ್ನಾಕ ವೋಲ್ಟ ಅದ, ನಿಮ್ಮ ಗಾಡಿ ಸುಟ್ಟು ಹೋಗ್ತದ. ನನ್ನ ಟ್ರ್ಯಾಕ್ಟರ್ ತರ್ತೀನಿ, ತಡೀರಿ."

ಅವನ ಮಾತು ಸರಿ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ೨೪ ವೋಲ್ಟು ಮಾಡಿರುವರು. ಕಾರಿನದು ೧೨, ಅವನ ಟ್ರ್ಯಾಕ್ಟರಿನದೂ ೧೨. ಲಾರಿಯವನ ತಂತಿ, ರೈತನ ಬ್ಯಾಟರಿ ಎಂದು ತೀರ್ಮಾನವಾಯಿತು. ಎರಡೂ ಎಂಜಿನ್ನುಗಳನ್ನು ನಿಲ್ಲಿಸಿ, ಕೆಂಪು ತಂತಿಯನ್ನು ಮೊದಲು ಸತ್ತ ಬ್ಯಾಟರಿಯ ಧನತುದಿಗೆ, ಅನಂತರ ಟ್ರ್ಯಾಕ್ಟರಿನ ಧನತುದಿಗೆ ಕಚ್ಚಿಸಿದರು. ಕಪ್ಪು ತಂತಿ ಟ್ರ್ಯಾಕ್ಟರಿನ ಋಣತುದಿಗೆ. ಅದರ ಕೊನೆಯನ್ನು ಮಾತ್ರ ಸತ್ತ ಬ್ಯಾಟರಿಗೆ ಕೊಡದೆ, ದೂರದಲ್ಲಿ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿಸಿದರು. ಕಡೆಯ ಜೋಡಣೆಯಲ್ಲಿ ಕಿಡಿ ಹಾರುವುದುಂಟು; ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಆ ಕಿಡಿ ತಗಲಿದರೆ ಪೆಟ್ಟಿಗೆಯೇ ಸಿಡಿದು ಆಮ್ಲ ಮುಖಕ್ಕೆ ಎರಚೀತು. ಟ್ರ್ಯಾಕ್ಟರು ಐದು ನಿಮಿಷ ಗುಡುಗುಟ್ಟಿದ ಮೇಲೆ ಮಾಸ್ತರರು ಕೈ ತಿರುಗಿಸಿದರು. ಗಾಡಿ ಒಮ್ಮೆ ನರಳಿತು, ಎದ್ದಿತು. ಜೋಡಿಸಿದುದಕ್ಕೆ ವಿಲೋಮವಾಗಿ ತಂತಿಗಳನ್ನು ಬಿಡಿಸಿದರು. ಆಗ ಆರೂ ನಲವತ್ತು.

ಹಿಂದಿನ ಮೋಟಾರುಗಳಿಗೆ ಈ ಕಷ್ಟವಿರಲಿಲ್ಲ; ಮೂತಿಗೆ ಹಿಡಿಕೆ ಸಿಕ್ಕಿಸಿ ತಿರುವುತ್ತಿದ್ದರು. ಹಿಡಿಕೆ ಹಿಂದಕ್ಕೆ ಒದೆದು ಕೈ ಮುರಿದವರೂ ಉಂಟು. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ೧೮೫೯ರಲ್ಲಿಯೇ ನಿರ್ಮಿಸಿದ್ದನು. ಆದರೆ ಅದರ ಬಲದಿಂದ ಎಂಜಿನ್ನನ್ನು ತಿರುವುವ, ಅಮೆರಿಕದ ಚಾರ್ಲ್ಸ್ ಕೆಟರಿಂಗನು ರೂಪಿಸಿದ ಸ್ಟಾರ್ಟರು ಕ್ಯಾಡಿಲಾಕ್ ಗಾಡಿಗಳಲ್ಲಿ ಕಾಣಿಸಿಕೊಂಡುದು ೧೯೧೨ರ ಮಾದರಿಯಿಂದ. ಅಲ್ಲಿಂದ ಮುಂದೆ ಮೋಟಾರು ನಡೆಸುವವನಿಗೆ ತೋಳ್ಬಲವೂ ಬೇಡವಾಯಿತು, ಮತ್ತೊಬ್ಬರ ಹಂಗೂ ಬೇಡವಾಯಿತು. ಬ್ಯಾಟರಿ ಸತ್ತ ದಿನ ಆ ಹಂಗು ಮರಳಿ ಬರುವುದು; ನೆರೆಯವನ ಹಟ್ಟಿಯಲ್ಲಿ ಏನಿದೆ, ಅವನ ಮನಸ್ಸಿನಲ್ಲಿ ಏನಿದೆ ಎಂಬುದು ಅಂದು ಗೊತ್ತಾಗುವುದು.

ಆಸ್ಪತ್ರೆಗೆ ತಲುಪಿದಾಗ ಹತ್ತು ನಿಮಿಷ ತಡವಾಗಿದ್ದರೂ ಯಂತ್ರ ಇನ್ನೂ ಬಿಡುವಾಗಿದ್ದಿತು. ಅಕ್ಕನವರು ಮಲಗಿದ್ದಾಗಲೇ ಅಂಗಡಿಯವರು ಅಂಗಳಕ್ಕೆ ಬಂದು ಬ್ಯಾಟರಿಯನ್ನು ಪರೀಕ್ಷಿಸಿದರು. ನಾಲ್ಕು ಬೇಸಗೆ ಕಂಡ ಅದು ಒಂದು ತಾಸು ಓಡಿದರೂ ಏನನ್ನೂ ಹಿಡಿದಿಟ್ಟುಕೊಂಡಿರಲಿಲ್ಲ. ಹೊಸದನ್ನು ಕೂರಿಸಿ, ಹಳೆಯದರ ಬೆಲೆ ಕಳೆದು, ಅದನ್ನು ಒಯ್ದರು. ಹಳೆಯ ಬ್ಯಾಟರಿಯನ್ನು ಕಸದಲ್ಲಿ ಎಸೆಯದೆ ಹಿಂದಿರುಗಿಸಬೇಕೆಂದು ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಿಧಿಸಿರುವುವು; ಮಣ್ಣು ಸೇರಿದರೆ ವಿಷವಾಗುವ ಸೀಸವು ಕುಲುಮೆ ಸೇರಿದರೆ ಮತ್ತೆ ಬ್ಯಾಟರಿಯಾಗುವುದು.

ಮರಳುವಾಗ ಅಕ್ಕನವರು ಕೇಳಿದರು: "ತಮ್ಮಾ, ಟ್ರ್ಯಾಕ್ಟರಿನವಗ ಏನರ ಕೊಟ್ಟಿಯೇನು?"

"ತಗೊಳ್ಳಲಿಲ್ಲ ಅಕ್ಕ."

ಮಾಸ್ತರರು ನಗರದಲ್ಲಿ ಎರಡು ಜೊತೆ ತಂತಿಗಳನ್ನು ಕೊಂಡಿದ್ದರು. ಒಂದು ಜೊತೆ ತಮ್ಮ ಗಾಡಿಯಲ್ಲಿ ಉಳಿಯಿತು; ಇನ್ನೊಂದು ಅಂದು ಸಂಜೆಯೇ ನೆರೆಮನೆಯ ಟ್ರ್ಯಾಕ್ಟರಿನ ಪೆಟ್ಟಿಗೆಯನ್ನು ಸೇರಿತು.