ಅಳದ ಹುಡುಗ

1984ರಲ್ಲಿ ನಡೆದ ಸಂಗತಿ. ನಾನಾಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ ಹುಡುಗರನ್ನು ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಕ್ಕೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದುರಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳುವಾಗ ಎಡಗೈ ಊರಿ ಬಿದ್ದ. ಎದ್ದು ಮಣ್ಣು ಕೊಡವಿಕೊಂಡು ಪಂದ್ಯ ಮುಗಿಯುವವರೆಗೂ ಆಡಿದ. ಕೈ ತುಸು ಊದಿದ್ದನ್ನು ಕಂಡು "ನೋವಿದೆಯೇನೋ?" ಎಂದೆ. "ಇಲ್ಲ ಸಾರ್" ಎಂದ. ಅಳಲಿಲ್ಲವಾದ್ದರಿಂದ ಏನೂ ಆಗಿಲ್ಲವೆಂದು ತೀರ್ಮಾನಿಸಿದೆ. ಸಾಲದ್ದಕ್ಕೆ ಸಾಮಾನಿನ ಚೀಲವನ್ನೂ ಅವನ ಕೈಗೇ ಕೊಟ್ಟು ಬಸ್ಸು ಹತ್ತಿಸಿದೆ.

ಅವನು ರಾತ್ರಿಯಿಡೀ ನರಳಿದನೆಂದೂ, ಮುಂಗೈಯ ಮೂಳೆ ಮುರಿದಿದೆಯೆಂದೂ ಮರುದಿನ ಅವನ ತಂದೆ ಬಂದು ತಿಳಿಸಿದರು. "ನೀವು ಜೊತೆಗಿದ್ದಿರಲ್ಲ ಮೇಷ್ಟ್ರೇ" ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ಹುಡುಗ ಸುಳ್ಳು ಹೇಳಿದನೆಂದು ನಂಬಿಕೊಂಡು ಬಹುಕಾಲ ಸಮಾಧಾನಪಟ್ಟಿದ್ದೆ. ನಿವೃತ್ತಿಯ ನಂತರದ ಓದು ಆ ಸಮಾಧಾನವನ್ನೂ ಕಸಿದುಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್ 1946ರಲ್ಲಿ ಒಂದು ಲೇಖನ ಬರೆದರು. ಭೀಕರವಾಗಿ ಗಾಯಗೊಂಡಿದ್ದ ಸೈನಿಕರನ್ನು ಅವರು ವಿಚಾರಿಸಿದಾಗ ಮುಕ್ಕಾಲು ಪಾಲಿನಷ್ಟು ಮಂದಿ ನೋವಿನ ಔಷಧಿ ಬೇಡವೆಂದಿದ್ದರಂತೆ.

ಇದರ ಗುಟ್ಟು ಮಿದುಳುಕಾಂಡದಲ್ಲಿದೆ. ನಮ್ಮ ಕೆರೆಗಳ ತೂಬನ್ನು ತೆರೆದು ಮುಚ್ಚುವ ನೀರಗಂಟಿಯನ್ನು ನೆನೆಯಿರಿ. ಪೆಟ್ಟಿನ ಸುದ್ದಿ ನರಗಳಲ್ಲಿ ಹರಿದು ಬೆನ್ನುಹುರಿಗೆ ಬಂದರೂ ಅಲ್ಲಿಂದ ಮೇಲೇರಲು ನೀರಗಂಟಿಯ ಒಪ್ಪಿಗೆ ಬೇಕು. ನಡುಮಿದುಳಿನ ಸಣ್ಣ ಕಾಲುವೆಯೊಂದರ ಸುತ್ತ ಬೂದುಬಣ್ಣದ ಭಾಗವೊಂದಿದೆ. ಅಲ್ಲಿಗೆ ವಿದ್ಯುತ್ ಹಾಯಿಸಿ, ಎಚ್ಚರವಿದ್ದ ಇಲಿಗಳಿಗೆ ಅರಿವಳಿಕೆಯಿಲ್ಲದೆಯೇ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಬಹುದೆಂದು ರೆನಾಲ್ಡ್ಸ್ ಎಂಬ ವಿಜ್ಞಾನಿ 1969ರಲ್ಲಿ ತೋರಿಸಿದರು. (ಆ ಇಲಿಗಳನ್ನು ನೆನೆದರೆ ನನಗೆ ಇಂದಿಗೂ ಕಸಿವಿಸಿ.) ಅಲ್ಲಿ ಹೊರಟ ಆಜ್ಞೆ ಮಿದುಳುಕಾಂಡದ ಕೆಳಭಾಗಕ್ಕೆ ಇಳಿದು, ಅಲ್ಲಿಂದ ಬೆನ್ನುಹುರಿಗೆ ಹೋಗಿ ಸುದ್ದಿಯನ್ನು ತಡೆಯುತ್ತದೆ. ಈ ಕೆಲಸದಲ್ಲಿ ಮಿದುಳು ತಾನೇ ತಯಾರಿಸುವ, ಅಫೀಮಿನ ಗುಣವುಳ್ಳ ಎನ್ಕೆಫಾಲಿನ್‌ನಂತಹ ವಸ್ತುಗಳೂ ನೆರವಾಗುತ್ತವೆ. ಎನ್ಕೆಫಾಲಿನ್ ಪತ್ತೆಯಾದದ್ದು 1975ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ. ಅದೇ ಕೆಳಭಾಗದಲ್ಲಿ ನೋವನ್ನು ತಗ್ಗಿಸುವ ಕೋಶಗಳಿರುವಂತೆ ಹೆಚ್ಚಿಸುವ ಕೋಶಗಳೂ ಇವೆ. ಅಪಾಯದ ನಡುವೆ ಮುಚ್ಚಿದ ತೂಬು ಮನೆ ಸೇರಿದ ಮೇಲೆ ತೆರೆದುಕೊಂಡರೆ ಆಶ್ಚರ್ಯವೇನಿಲ್ಲ.

ಕಳೆದ ವರ್ಷ ಅವನು ಮಗಳ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಿದ್ದ. ಸಂಕೋಚದಿಂದಲೇ ಆ ದಿನದ ಮಾತೆತ್ತಿದೆ. "ಸತ್ಯವಾಗಿಯೂ ನೋವಿರಲಿಲ್ಲ ಸಾರ್. ಹೊಸ್ತಿಲು ದಾಟಿ ಅವ್ವನ ಮುಖ ನೋಡಿದ ಮೇಲೆ ಶುರುವಾಯಿತು" ಎಂದ. ಹೊರಡುವಾಗ ನನ್ನಾಕೆ ಹಣ್ಣು ಕೊಡಲು ಬಂದಳು. ಬೊಗಸೆಯೊಡ್ಡಿದ. ಎಡ ಅಂಗೈ ಪೂರ್ತಿ ಮೇಲಕ್ಕೆ ತಿರುಗಲಿಲ್ಲ.